ಚಿಪ್ ಮೇಲಣ ಮಿಡಿತ

ಸಹೃದಯರೆಂದು ನಾವು ರಸಿಕರನ್ನು ಕರೆಯುತ್ತೇವೆ. ವೈದ್ಯರಿಗಾದರೋ ಹೃದಯವೆಂಬುದು ಬಿಡುವಿಲ್ಲದೆ ದುಡಿಯುವ ಒಂದು ಸ್ನಾಯು. ಬದುಕಿರುವವರ ಎದೆಯಿಂದ ಅದನ್ನು ತೆಗೆದು ಪರೀಕ್ಷಿಸುವಂತಿಲ್ಲ. ಪ್ರಯೋಗದ ಇಲಿಯ ಹೃದಯವೋ ನಿಮಿಷಕ್ಕೆ 500ಕ್ಕೂ ಮಿಗಿಲಾಗಿ ಮಿಡಿಯುತ್ತದೆ. ಅದರ ಸಾಕ್ಷ್ಯ ನಮಗೆ ಎಲ್ಲ ವೇಳೆಯೂ ಸಲ್ಲದು.

ಚರ್ಮದ ಜೀವಕೋಶವನ್ನು ಭ್ರೂಣಾವಸ್ಥೆಗೆ ಮರಳಿಸಿ ಬೇರೊಂದು ಅಂಗದ ಕೋಶವಾಗಿ ಬೆಳೆಸಬಹುದೆಂದು ಜಪಾನಿನ ಶಿನ್ಯಾ ಯಮನಾಕ 2007ರಲ್ಲಿ ಮನುಷ್ಯರ ಕೋಶಗಳಲ್ಲಿಯೇ ತೋರಿಸಿದರು. ಆಗ ದಾರಿ ತೆರೆಯಿತು.

ಬಾರ್ತ್ ರೋಗವೆಂಬುದೊಂದಿದೆ. ಟಫಾಜಿನ್ ಎಂಬ ಒಂದೇ ಜೀನಿನ ದೋಷದಿಂದ, ಬಹುಮಟ್ಟಿಗೆ ಗಂಡುಮಕ್ಕಳಲ್ಲಿ, ಶೈಶವದಲ್ಲಿಯೇ ಹೃದಯವನ್ನು ಸೋಲಿಸುವ ವಿರಳ ವ್ಯಾಧಿ. 2014ರಲ್ಲಿ ಹಾರ್ವರ್ಡಿನ ವಿಲಿಯಂ ಪು, ಕಿಟ್ ಪಾರ್ಕರ್ ಮತ್ತು ಸಂಗಡಿಗರು ಇಬ್ಬರು ರೋಗಿಗಳ ಚರ್ಮಕೋಶಗಳಿಂದ ಹೃದಯಕೋಶಗಳನ್ನು ಬೆಳೆಸಿ ಚಿಪ್ ಮೇಲೆ ಹಾಸಿದರು. ಚಿಪ್ ಎಂದೊಡನೆ ಮುತ್ತಿನ ಚಿಪ್ಪು ನೆನಪಾದೀತು. ಇದು ಬಾಗುವ ತೆಳು ಪಟ್ಟಿಗಳನ್ನು ಹೊತ್ತ ಪುಟ್ಟ ಬಿಲ್ಲೆ. ಕೋಶಗಳು ಮಿಡಿದಂತೆ ಪಟ್ಟಿ ಬಾಗುತ್ತದೆ; ಬಾಗನ್ನು ಅಳೆದರೆ ಬಲ ತಿಳಿಯುತ್ತದೆ. ರೋಗಿಗಳ ಕೋಶಗಳಿದ್ದ ಪಟ್ಟಿ ಬಲಗುಂದಿ ಬಾಗಿತು. ಸರಿಯಾದ ಜೀನಿನ ಆರ್‌ಎನ್‌ಎ ಸಂದೇಶವನ್ನು ಅವೇ ಕೋಶಗಳಿಗೆ ಊಡಿದಾಗ ಮಿಡಿತ ಚೇತರಿಸಿತು. ಹುಟ್ಟಿನೊಡನೆ ಬಂದ ದೌರ್ಬಲ್ಯ ಕೋಶ ರೂಪುಗೊಂಡ ಮೇಲೂ ಹಿಂಜರಿಯಬಲ್ಲುದು ಎಂಬುದೇ ನನ್ನನ್ನು ಬೆರಗಾಗಿಸಿದ ಸಂಗತಿ.

ಇದನ್ನು ಹೃದಯವೆಂದು ಕರೆಯಲು ಮಾತ್ರ ನನಗೆ ಸಂಕೋಚ. ಇದಕ್ಕೆ ಕವಾಟವಿಲ್ಲ, ರಕ್ತಸಂಚಾರವಿಲ್ಲ. ಕೋಶಗಳೂ ಭ್ರೂಣದ ಎಳೆತನವನ್ನು ನೀಗಿಲ್ಲ. ಅವನ್ನು ಬಲಿಸಲೆಂದು ವಿಜ್ಞಾನಿಗಳೀಗ ವಾರಗಟ್ಟಲೆ ವಿದ್ಯುತ್ತಿನ ಸ್ಪಂದನ ಕೊಟ್ಟು, ಗರಡಿಯ ಹುಡುಗರಿಗೆಂಬಂತೆ, ಸಾಮು ಮಾಡಿಸುತ್ತಿದ್ದಾರೆ.