ನೆರಳಿನಲ್ಲಿ ಒಣಗಿದ ಎಲೆ

ಹಿತ್ತಲ ತುಳಸಿಯನ್ನು ಬಿಸಿಲಿಗೆ ಹರಡಿ ಒಂದೇ ದಿನದಲ್ಲಿ ಒಣಗಿಸಿದ ಜಾಣ ನಾನು. ಎಲೆ ಗರಿಗರಿಯಾಗಿತ್ತು, ಬಣ್ಣ ಮಾತ್ರ ಒಣಹುಲ್ಲಿನದಾಗಿತ್ತು. ನಮ್ಮ ತಾಯಿಯವರು ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ, “ಇದರಲ್ಲಿ ತುಳಸಿ ಎಲ್ಲಿದೆಯಪ್ಪ?” ಎಂದರು.

ಆ ಪ್ರಶ್ನೆಯಲ್ಲಿಯೇ ಶಾಸ್ತ್ರವೂ ಅಡಗಿತ್ತು. ತುಳಸಿ, ಪುದೀನಗಳ ಪರಿಮಳವೆಂದರೆ ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿರುವ ತೈಲ. ಶಾಖ ತಗುಲಿದರೆ ಅದು ಆವಿಯಾಗಿಬಿಡುತ್ತದೆ. ನೀರು ಹೋಗಬೇಕು, ತೈಲ ಉಳಿಯಬೇಕು. ಆದಕಾರಣ ಹೂ ಬಿಡುವ ಮುನ್ನ, ಬೆಳಗಿನ ಇಬ್ಬನಿ ಆರಿದೊಡನೆ, ಬಿಸಿಲೇರುವುದರೊಳಗೆ ಕೊಯ್ದು, ಸಣ್ಣ ಕಟ್ಟುಗಳನ್ನಾಗಿ ಮಾಡಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಒಂದೆರಡು ವಾರ ಹಿಡಿದೀತು. ದಂಟು ಬಾಗದೆ ಚಟ್ಟನೆ ಮುರಿಯುವವರೆಗೂ ಕಾಯಬೇಕು. ದೊಡ್ಡಪತ್ರೆಯ ಮಾತು ಬೇರೆ: ರಸ ತುಂಬಿದ ಆ ದಪ್ಪ ಎಲೆ ಒಣಗುವ ಮೊದಲೇ ಕಪ್ಪಾಗಿ ಕೊಳೆಯುವುದುಂಟು. ಅದನ್ನು ಹಸಿಯಾಗಿಯೇ ತಂಬುಳಿ ಮಾಡಿ ಉಣ್ಣುವುದು ಲೇಸು.

ಮರುವರ್ಷ ನೆರಳಿನಲ್ಲಿಯೇ ಒಣಗಿಸಿದೆ. ಆದರೆ ಆತುರದಿಂದ ಸೀಸೆಗೆ ತುಂಬಿದೆ. ಆಷಾಢದ ಜಡಿಮಳೆಗೆ ಹಿತ್ತಲ ಗಿಡ ಕೊಳೆತಿತ್ತು. ಮಗುವಿಗೆ ಕೆಮ್ಮೆಂದು ಮುಚ್ಚಳ ತೆರೆದರೆ ಒಳಗೆಲ್ಲ ಬೂಷ್ಟು! ಅಂಥದನ್ನು ಆರಿಸಿ ಬಳಸುವಂತಿಲ್ಲ. ಅಷ್ಟನ್ನೂ ತಿಪ್ಪೆಗೆ ಸುರಿದೆ. ಮೊದಲ ವಾರ ದಿನವೂ ಸೀಸೆಯನ್ನು ನೋಡಬೇಕಾಗಿತ್ತು. ಒಳಮೈಯಲ್ಲಿ ಬೆವರು ಕಂಡೊಡನೆ ಎಲೆಯನ್ನು ಹೊರತೆಗೆದು ಮತ್ತೆ ಒಣಗಿಸಬೇಕಾಗಿತ್ತು.

ಈಗ ಎಲೆಯನ್ನು ಪುಡಿಮಾಡದೆ ಇಡಿಯಾಗಿಯೇ ತುಂಬಿ, ಬಿಗಿಯಾಗಿ ಮುಚ್ಚಿ, ಒಲೆಗೆ ದೂರವಾದ ಕತ್ತಲೆಯ ಗೂಡಿನಲ್ಲಿರಿಸುತ್ತೇನೆ. ಸೀಸೆಯ ಮೇಲೆ ತಿಂಗಳು, ವರ್ಷ ಬರೆದ ಚೀಟಿ. ವರ್ಷ ತುಂಬಿದುದನ್ನು ತಾಯಿಯವರಂತೆಯೇ ಅಂಗೈಯಲ್ಲಿ ಉಜ್ಜಿ ನೋಡುತ್ತೇನೆ. ಪರಿಮಳ ಬಾರದಿದ್ದರೆ ಗಿಡದ ಬುಡಕ್ಕೆ.