ರೊದ್ದಂ ನರಸಿಂಹ ಮತ್ತು ಮೈಸೂರಿನ ರಾಕೆಟ್ಟುಗಳು



1786ರಲ್ಲಿ ಟಿಪ್ಪುವಿನ ಸೇನೆ ನಮ್ಮ ಆದೋನಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಕೋಟೆಬೆಟ್ಟ ಹತ್ತುವ ಮಕ್ಕಳಿಗೆ ಈ ಕಥೆ ಹೇಳುವಾಗ ಗೆದ್ದವರಾರು, ಸೋತವರಾರು ಎಂಬಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಆ ಮೈಸೂರು ಸೇನೆಯ ರಾಕೆಟ್ಟುಗಳನ್ನು ಮುಂದಿಟ್ಟುಕೊಂಡು ಬೇರೆಯದೇ ಪ್ರಶ್ನೆ ಕೇಳಿದವರು ಪ್ರೊಫೆಸರ್ ರೊದ್ದಂ ನರಸಿಂಹ.

ಅವರ ಹೆಸರಿನಲ್ಲಿರುವ ರೊದ್ದಂ ನಮ್ಮ ರಾಯಲಸೀಮೆಯದೇ ಊರು. ಅವರು ಹುಟ್ಟಿದ್ದು 1933ರಲ್ಲಿ, ಬೆಂಗಳೂರಿನಲ್ಲಿ. ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದದ್ದು 1953ರಲ್ಲಿ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯತ್ವ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್. 1962ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಮೇಷ್ಟ್ರಾದರು.

ಹರಿಯುವ ಗಾಳಿ ಶಾಂತಸ್ಥಿತಿಯಿಂದ ಕ್ಷೋಭೆಗೆ ಹೇಗೆ ತಿರುಗುತ್ತದೆ ಎಂಬುದು ಅವರ ಕಸುಬಿನ ವಿಷಯ. ವಿಮಾನದ ರೆಕ್ಕೆಗೂ ಬೇಕು, ಮುಂಗಾರಿನ ಮೋಡಕ್ಕೂ ಬೇಕು ಆ ವಿದ್ಯೆ. ಆದರೆ ಅವರ ಮನಸ್ಸು ಅಷ್ಟಕ್ಕೇ ನಿಲ್ಲಲಿಲ್ಲ. ಯೋಗವಾಸಿಷ್ಠದ ಶ್ಲೋಕಗಳನ್ನು ಆಯ್ದು ಇಂಗ್ಲಿಷಿಗೆ ತಂದರು. ಭಾರತದ ಹಳೆಯ ಖಗೋಳಶಾಸ್ತ್ರಜ್ಞರು ಹೇಗೆ ಯೋಚಿಸುತ್ತಿದ್ದರು ಎಂಬುದರ ಬಗ್ಗೆ ಬರೆದರು. 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಚರಿತ್ರೆಯನ್ನು ಬರೆದರು. ಆಗ ಅವರು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರು.

ಆ ಬರಹ ನನಗೆ ಬಹಳ ಮುಖ್ಯವೆನಿಸುತ್ತದೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ರಾಕೆಟ್ಟು ಕಬ್ಬಿಣದ ಕೊಳವೆಯದು, ಬಿದಿರಿಗೆ ಕಟ್ಟಿದ್ದು. ಆ ಕಬ್ಬಿಣ ಒಳಗಿನ ಒತ್ತಡವನ್ನು ತಾಳುತ್ತಿದ್ದುದರಿಂದಲೇ ಅದು ಅಷ್ಟು ದೂರ ಹೋಗುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿನ ವೂಲ್ವಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅಲ್ಲಿ ಅಳತೆ, ಲೆಕ್ಕ, ಪ್ರಯೋಗಗಳಿಂದ ಅವನ್ನು ತಿದ್ದಿದ. 1807ರಲ್ಲಿ ಕೋಪನ್‌ಹೇಗನ್ ನಗರ ಆ ಹೊಸ ರಾಕೆಟ್ಟುಗಳಿಗೆ ಉರಿಯಿತು. ಕೈಯಲ್ಲಿ ಇದ್ದದ್ದು ನಮಗೆ ಏಕೆ ದಕ್ಕಲಿಲ್ಲ? ನರಸಿಂಹ ಇದಕ್ಕೆ ಎದೆ ತಟ್ಟಿಕೊಳ್ಳಲೂ ಇಲ್ಲ, ಹಳಹಳಿಸಲೂ ಇಲ್ಲ. ನಮ್ಮಲ್ಲಿ ಕಮ್ಮಾರನ ಕೈಚಳಕವಿತ್ತು. ಇಂಗ್ಲಿಷರಲ್ಲಿ ನ್ಯೂಟನ್ನನ ಗಣಿತ ಕಾರ್ಖಾನೆಯವರೆಗೂ ಇಳಿದಿತ್ತು. ಇಂಜಿನಿಯರ್ ಆದವನು ಚರಿತ್ರೆ ಓದಿದರೆ ಮಾತ್ರ ಕಾಣುವ ಉತ್ತರ ಇದು.

ನಮ್ಮ ಎರೆಭೂಮಿಗೆ ಸೇರಿದ ಇನ್ನೊಂದು ಸಂಗತಿಯಿದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲಕ್ಕೆ ತಾಗಿದ ಗಾಳಿಯೇ ಅತಿ ತಣ್ಣಗಿರಬೇಕು ಎಂದುಕೊಳ್ಳುತ್ತೇವೆ. ಬೋಳು ನೆಲದ ಮೇಲೆ ಅತಿ ತಣ್ಣನೆಯ ಪದರ ಒಂದೆರಡು ಗೇಣು ಮೇಲಿರುತ್ತದೆ ಎಂದು ಹವಾಮಾನ ವಿಜ್ಞಾನಿ ಎಲ್. ಎ. ರಾಮದಾಸ್ 1932ರಲ್ಲೇ ಗುರುತಿಸಿದ್ದರು. ಬಹಳ ಕಾಲ ಹಲವರು ನಂಬಲಿಲ್ಲ. ನೆಲದಂತೆ ಗಾಳಿಯೂ ತನ್ನ ಶಾಖವನ್ನು ಹೊರಸೂಸಿ ತಣಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಅದಕ್ಕೆ ಸಿದ್ಧಾಂತ ಕೊಟ್ಟವರು ನರಸಿಂಹ ಮತ್ತು ಅವರ ಸಂಗಡಿಗರು, 1990ರ ದಶಕದಲ್ಲಿ.

ಆದೋನಿ, ಆಲೂರು ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳೇ, ಚಳಿಗಾಲದಲ್ಲಿ ಹತ್ತಿ ಕಿತ್ತು ಖಾಲಿಯಾದ ಹೊಲ ನಿಮ್ಮ ಮನೆಯವರದೇ ಇದ್ದೀತು. ಒಂದು ಕೋಲಿಗೆ ಬೇರೆಬೇರೆ ಎತ್ತರದಲ್ಲಿ ಥರ್ಮಾಮೀಟರ್ ಕಟ್ಟಿ, ಬೆಳಗಿನ ಜಾವಕ್ಕೆ ಮುಂಚೆ ಹೋಗಿ ಓದಿಕೊಂಡು ಬನ್ನಿ.