ಯಾರಿಗೆ ಯಾವ ಪಾತ್ರ?

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ನನ್ನ ಸೋದರಳಿಯ ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದ. ಗಂಟೆ ಕಳೆದರೂ ಆಟ ಮೊದಲಾಗಲಿಲ್ಲ. ಏಕೆಂದು ಕೇಳಿದೆ. "ಯಾರಾಗಬೇಕೆಂದು ತೋಚುತ್ತಿಲ್ಲ, ಮಾವ" ಎಂದ.

ಆಟದ ಹೆಸರು ಬಾಲ್ಡರ್ಸ್ ಗೇಟ್ 3. 2023ರಲ್ಲಿ ಹೊರಬಂದದ್ದು. ಅದರಲ್ಲಿ ಯೋಧ, ಮಂತ್ರವಾದಿ, ದೈವಸೇವಕ, ಕಳ್ಳ, ಹಾಡುಗಾರ ಮುಂತಾಗಿ 12 ಬಗೆಯ ವೇಷಗಳುಂಟು. ವೇಷವನ್ನು ಆರಿಸಿದರೆ ಮುಗಿಯಲಿಲ್ಲ. ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ಜನಾಕರ್ಷಣೆ ಎಂಬ ಆರು ಗುಣಗಳಿಗೆ 27 ಅಂಕಗಳನ್ನು ಹಂಚಬೇಕು. ಮೂರು ಗುಣಗಳನ್ನು ಮಿತಿಮುಟ್ಟ ತುಂಬಿದಿರೋ, ಉಳಿದ ಮೂರು ಕನಿಷ್ಠದಲ್ಲಿಯೇ ನಿಲ್ಲುತ್ತವೆ. ಈ ಆರು ಗುಣಗಳ ಲೆಕ್ಕ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದಿಂದ ಬಂದದ್ದು. ಮಂತ್ರವಾದಿಗೆ ಬೇಕಾದದ್ದು ಬುದ್ಧಿ, ಕಳ್ಳನಿಗೆ ಚುರುಕು, ಹಾಡುಗಾರನಿಗೆ ಜನಾಕರ್ಷಣೆ. ನಮ್ಮ ಹುಡುಗನೋ ಮಂತ್ರವಾದಿಯ ನಿಲುವಂಗಿ ತೊಡಿಸಿ, ಅಂಕಗಳನ್ನೆಲ್ಲ ಅವನ ತೋಳಿನ ಬಲಕ್ಕೆ ಸುರಿದಿದ್ದ!

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದೆ: ನಗುವ ಅಧಿಕಾರ ನನಗುಂಟೆ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಕಡಲೆಕಾಯಿ ಕಿತ್ತು, ಕೈ ಬಿಡುವಾದ ಮೇಲೆ ಊರಿನವರು 'ಕುರುಕ್ಷೇತ್ರ' ನಾಟಕ ಕಲಿಯಲು ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ಚಾಪೆಯ ಮೇಲೆ ಕುಳಿತೊಡನೆ ಏಳುವ ಮೊದಲ ಮಾತೇ "ಯಾರಿಗೆ ಯಾವ ಪಾರ್ಟು?" ಎಂಬುದು. ಪ್ರತಿ ಪಾತ್ರಕ್ಕೂ ಒಂದು ಬೆಲೆ. ದುರ್ಯೋಧನ, ಕೃಷ್ಣರದು ಮೇಲಿನ ಬೆಲೆ. ಭೀಮ, ಕರ್ಣರದು ಅದರ ಕೆಳಗೆ. ವಿದುರ, ಸಾತ್ಯಕಿಯರದು ಇನ್ನೂ ಕೆಳಗೆ. ಕೃಷ್ಣನಾಗಲು ಬಯಸುವವರು ಹೆಚ್ಚಾದರೆ ಪಾತ್ರವನ್ನೇ ಎರಡು ಮಾಡಿ ಹಂಚುವುದೂ ಉಂಟು. ಇದನ್ನು ಹಳಿಯಬೇಕಾಗಿಲ್ಲ. ಮೇಷ್ಟ್ರ ಸಂಭಾವನೆ, ಸೀನರಿ, ದೀಪ, ಉಡುಪು, ಹೊರಗಿನಿಂದ ಬರುವ ನಟಿಯರ ಗೌರವಧನ, ಎಲ್ಲಕ್ಕೂ ಈ ಹಣವೇ ಆಧಾರ.

ಆದರೆ ಹಣ ಪಾತ್ರವನ್ನು ಕೊಡಿಸಬಲ್ಲದು, ಉಸಿರನ್ನು ಕೊಡಿಸಲಾರದು. ಕೃಷ್ಣನಿಗೆ ಏರುಶ್ರುತಿಯಲ್ಲಿ ನಿಲ್ಲುವ ಕಂಠ ಬೇಕು. ಅದರಲ್ಲೂ ಪಾವಗಡದ ಕಡೆಯವರಿಗೆ ಗಡಿಯಾಚೆಯ ತೆಲುಗು ಪದ್ಯನಾಟಕದ ರುಚಿ ಹತ್ತಿದೆ. ಪದ್ಯದ ಕೊನೆಯ ಆಲಾಪ ಸಣ್ಣದಾದರೆ ಅವರು ಒಪ್ಪರು. ದುರ್ಯೋಧನನಿಗೆ ಆಳು, ನಡಿಗೆ, ಗದೆ ಹಿಡಿಯುವ ಗತ್ತು ಬೇಕು. ಅದಕ್ಕಿಂತ ಮಿಗಿಲಾಗಿ, ಬೆಳಗಿನ ಜಾವದ ಕೊನೆಯ ದೃಶ್ಯಕ್ಕೆ ಶಕ್ತಿಯನ್ನು ಉಳಿಸಿಕೊಳ್ಳುವ ಎಚ್ಚರ ಬೇಕು. ಶಕುನಿಗೆ ದೊಡ್ಡ ಕಂಠ ಬೇಡ. ಮಾತಿನ ನಡುವೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿದ್ದರೆ ಸಾಕು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭೂಮಿಕೆಗಳ ಹಂಚಿಕೆಗೆಂದೇ ಒಂದು ಅಧ್ಯಾಯವಿದೆ. ನಟನ ಅಂಗ, ನಡೆ, ನುಡಿ, ಸ್ವಭಾವಗಳನ್ನು ಪರೀಕ್ಷಿಸಿ ಪಾತ್ರ ಕೊಡಬೇಕೆಂಬುದು ಅದರ ತಾತ್ಪರ್ಯ. ಕಿಸೆಯನ್ನು ಪರೀಕ್ಷಿಸುವ ಮಾತು ಅಲ್ಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರನ್ನು ನೆನೆಯಿರಿ. 1934ರಲ್ಲಿ ಆನೆ ಕುದುರೆಗಳನ್ನೇ ತಂದು 'ಕುರುಕ್ಷೇತ್ರ'ವನ್ನು ಆಡಿಸಿದ ಕಂಪನಿಯ ಒಡೆಯರು ಅವರು. ಬೇಕೆಂದಿದ್ದರೆ ಯಾವ ಕಿರೀಟವೂ ಅವರ ತಲೆಯನ್ನು ಏರುತ್ತಿತ್ತು. ಆದರೆ 'ಸದಾರಮೆ' ನಾಟಕದಲ್ಲಿ ಅವರು ವಹಿಸಿದ್ದು ಕಳ್ಳನ ಪಾತ್ರ. ರಾಜಕುಮಾರನ ಪಾತ್ರವನ್ನು ಯಾರು ಮಾಡಿದರೆಂದು ಕೇಳಿದರೆ ಅನೇಕರು ತಡವರಿಸುತ್ತಾರೆ, ಕಳ್ಳನನ್ನು ಮರೆತವರಿಲ್ಲ. ತನ್ನ ಬಲ ಯಾವುದರಲ್ಲಿದೆಯೆಂದು ಬಲ್ಲವನಿಗೆ ಸಣ್ಣ ಪಾತ್ರವೆಂಬುದಿಲ್ಲ.

ಇಷ್ಟನ್ನು ತರಗತಿಯಲ್ಲಿ ಪಾಠ ಹೇಳುವ ನಾನು, ಮೂವತ್ತು ವರ್ಷಗಳ ಹಿಂದೆ ಮಾಡಿದ್ದೇನು? ಹೊಸದಾಗಿ ಕೆಲಸ ಸಿಕ್ಕಿತ್ತು, ಕೈಯಲ್ಲಿ ಸಂಬಳವಿತ್ತು. ಪಂಡಿತ ಪರೀಕ್ಷೆ ಮಾಡಿದವನು, ಹಳಗನ್ನಡ ಬಲ್ಲವನು, ನನಗಲ್ಲದೆ ಇನ್ನಾರಿಗೆ ಕೃಷ್ಣನ ಪಾತ್ರ ಎಂದುಕೊಂಡೆ. ನನ್ನೊಡನೆ ಓದಿದ ಗೆಳೆಯನೊಬ್ಬ ಅದೇ ಊರಿನಲ್ಲಿ ಕೂಲಿ ಮಾಡುತ್ತಿದ್ದ. ಅವನು ಬಾವಿಯ ಬಳಿ ಹಾಡಿದರೆ ಹೊಲದಾಚೆಗೆ ಕೇಳಿಸುತ್ತಿತ್ತು. ಅವನ ಕಂಠ ಎಂಥದೆಂದು ಆ ಚಾವಡಿಯಲ್ಲಿ ಕುಳಿತವರಲ್ಲಿ ನನಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಹಣ ಎಣಿಸುವಾಗ ಅವನು ಬಾಗಿಲ ಬಳಿಯೇ ನಿಂತಿದ್ದ. ನಾನು ತುಟಿ ಬಿಚ್ಚಲಿಲ್ಲ. ಅವನಿಗೆ ಪರದೆ ಎಳೆಯುವ ಕೆಲಸ ಸಿಕ್ಕಿತು.

ನಾಟಕದ ರಾತ್ರಿ, ನಡುರಾತ್ರಿ ದಾಟುವುದರೊಳಗೆ ನನ್ನ ಗಂಟಲು ಕಟ್ಟಿತು. ಮೇಷ್ಟ್ರು ಶ್ರುತಿಯನ್ನು ಇಳಿಸಿದರು, ಆದರೂ ಎಟುಕಲಿಲ್ಲ. ಗಾಬರಿಯಲ್ಲಿ ಮುಂದಿನ ಸಾಲೂ ಮರೆತುಹೋಯಿತು. ಆಗ ಪರದೆಯ ಹಗ್ಗ ಹಿಡಿದಿದ್ದವನು ಮೆಲುದನಿಯಲ್ಲಿ ಸಾಲನ್ನು ಹೇಳಿಕೊಟ್ಟ. ಆ ರಾತ್ರಿಯೆಲ್ಲ ಹೇಳಿಕೊಡುತ್ತಲೇ ಇದ್ದ. ಇಡೀ ಪಾತ್ರ ಅವನಿಗೆ ಬಾಯಿಪಾಠವಾಗಿತ್ತು. ಮರುದಿನ ಜನ ನನಗೆ ಹಾರ ಹಾಕಿದರು. ಅವನು ಸೀನರಿಗಳನ್ನು ಸುತ್ತಿ ಗಾಡಿಗೆ ಏರಿಸುತ್ತಿದ್ದ. ಈ ವಿಷಯವನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ. ಅವನು ಈಗಿಲ್ಲ.

ಸೋದರಳಿಯನ ಆಟದಲ್ಲಿ 100 ಹೊನ್ನು ತೆತ್ತರೆ ವೇಷವನ್ನು ಬದಲಿಸಿ, ಅಂಕಗಳನ್ನು ಮತ್ತೆ ಹಂಚಿಕೊಳ್ಳಬಹುದಂತೆ. ನಮ್ಮ ರಂಗದಲ್ಲಿ ಪರದೆ ಎದ್ದ ಮೇಲೆ ಆ ಅನುಕೂಲವಿಲ್ಲ. ಆದ್ದರಿಂದ ಅವನಿಗೆ ಹೇಳಿದೆ: "ನಿನ್ನ ತಂಡದಲ್ಲಿ ನಾಲ್ವರಿದ್ದಾರಲ್ಲ? ಅವರಲ್ಲಿ ಯಾವುದು ಕೊರತೆಯೋ ಅದನ್ನು ಮೊದಲು ನೋಡು. ಅದರಲ್ಲಿ ನಿನಗೆ ಹಿಡಿಸುವುದನ್ನು ಆರಿಸು. ಆರಿಸಿದ ಮೇಲೆ ಆ ವೇಷ ಕೇಳುವ ಗುಣಕ್ಕೇ ಅಂಕ ಕೊಡು." ಅವನು ದೈವಸೇವಕನನ್ನು ಆರಿಸಿ, ವಿವೇಕಕ್ಕೆ ಅಂಕ ತುಂಬಿದ. ಗಾಯಗೊಂಡವರನ್ನು ಎಬ್ಬಿಸುವವನು ತಂಡದಲ್ಲಿ ಯಾರೂ ಇರಲಿಲ್ಲವಂತೆ.

ನಿಮ್ಮ ಊರಿನಲ್ಲಿ ಮುಂದಿನ ಸಲ ನಾಟಕಕ್ಕೆ ಸೇರಿದಾಗ ಎರಡು ಮಾತು ನಡೆಸಿಕೊಡಿ. ಬೆಲೆ ಕಟ್ಟುವ ಮೊದಲು ಬಾಗಿಲ ಬಳಿ ನಿಂತವನೂ ಸೇರಿದಂತೆ ಎಲ್ಲರಿಂದ ಒಂದೊಂದು ಪದ್ಯ ಹಾಡಿಸಿ. ಕೂಡಿದ ಹಣದಲ್ಲಿ ಒಂದು ಪಾತ್ರವನ್ನು, ಅದೂ ದೊಡ್ಡ ಪಾತ್ರವನ್ನು, ಕೊಡಲಾರದವನಿಗೆ ಮೀಸಲಿಡಿ. ನಷ್ಟವಾಗದು. ನಾಟಕವಂತೂ ಗೆಲ್ಲುತ್ತದೆ.